ಒಗೆದರೂ ಹೋಗದ್ದು

ಮೌಲ್ಯಮಾಪನ ಎಂಬ ದೊಡ್ಡ ಹೆಸರಿನ ಕೆಲಸಕ್ಕಾಗಿ ನಾನು ಆಗಾಗ ಬೆಂಗಳೂರಿಗೆ ಹೋಗಬೇಕಾಗುತ್ತದೆ. ಉದ್ದನೆಯ ಮೇಜು, ಕೆಂಪು ಶಾಯಿಯ ಲೇಖನಿ, ಹನ್ನೊಂದು ಗಂಟೆಗೆ ಪಾನಕದಂತಹ ಒಂದು ಲೋಟ ಕಾಫಿ. ಇಷ್ಟರ ಬಲದಿಂದ ಒಂದು ತಲೆಮಾರಿನ ಕನ್ನಡ ಜ್ಞಾನವನ್ನು ನಾವು ನಾಲ್ಕು ದಿನದಲ್ಲಿ ತೂಗಿ ಕಟ್ಟಿಬಿಡುತ್ತೇವೆ. ಕೆಲವು ವರ್ಷಗಳ ಹಿಂದೆ ಹೀಗೆ ತೂಗುತ್ತ ಕುಳಿತಿದ್ದಾಗ ಒಬ್ಬ ಹುಡುಗನ ಉತ್ತರ ನನ್ನ ಕೈಗೆ ಬಂತು. 'ಕಲೆ ಎಂದರೇನು? ವಿವರಿಸಿ' ಎಂಬುದು ಪ್ರಶ್ನೆ. ಅದಕ್ಕೆ 5 ಅಂಕ. ಅವನು ಬರೆದಿದ್ದದ್ದು ಒಂದೇ ವಾಕ್ಯ: 'ಎಷ್ಟು ಒಗೆದರೂ ಹೋಗದೆ ಉಳಿಯುವುದೇ ಕಲೆ.'

ನಾನು ನಕ್ಕೆ. ಪಕ್ಕದವರಿಗೂ ತೋರಿಸಿದೆ; ಅವರೂ ನಕ್ಕರು. ಮೇಜಿನ ಈ ಕೊನೆಯಿಂದ ಆ ಕೊನೆಯವರೆಗೆ ನಗು ಹರಿದುಹೋಯಿತು. ಆಮೇಲೆ ನಾನು ಒಂದು ದುಂಡನೆಯ ಸೊನ್ನೆ ಸುತ್ತಿ ಹಾಳೆ ತಿರುವಿದೆ.

ತಪ್ಪು ಹುಡುಗನದಷ್ಟೇ ಅಲ್ಲ, ನಮ್ಮ ಭಾಷೆಯ ಚೇಷ್ಟೆಯೂ ಅದರಲ್ಲಿ ಸೇರಿತ್ತು. ಅರವತ್ತನಾಲ್ಕು ವಿದ್ಯೆಗಳೆಂದು ಹೇಳುತ್ತಾರಲ್ಲ, ಆ ಕಲೆ ಸಂಸ್ಕೃತದಿಂದ ಬಂದ ಅತಿಥಿ. ಗಾಯ ಮಾಗಿದ ಮೇಲೆ ಮೈಮೇಲೆ ನಿಂತುಬಿಡುವ ಕಲೆ, ಬಿಳಿಯ ಪಂಚೆಗೆ ಬಿದ್ದ ಎಲೆ ಅಡಕೆಯ ಕಲೆ, ಇವು ನಮ್ಮ ಮನೆಯ ಮಾತು. ಬರೆದರೆ ಎರಡೂ ಒಂದೇ, ಆಡಿದರೂ ಎರಡೂ ಒಂದೇ. ಸಂದರ್ಭ ನೋಡಿ ಅರ್ಥ ಮಾಡಿಕೊಳ್ಳಬೇಕೆಂದು ಹೇಳಿಕೊಡುವುದಕ್ಕೇ ನನಗೆ ಸಂಬಳ ಕೊಡುತ್ತಾರೆ. ಹುಡುಗ ಸಂದರ್ಭ ನೋಡಲಿಲ್ಲ. ನಾನು ಸೊನ್ನೆ ಕೊಟ್ಟೆ. ಆ ದಿನದ ಮಟ್ಟಿಗೆ ನ್ಯಾಯ ತೀರಿತು.

ಅದೇ ಸಂಜೆ ನನ್ನ ಹಳೆಯ ಡ್ರಾಯಿಂಗ್ ಮೇಷ್ಟ್ರು ಸಿಕ್ಕಿದರು. ಹೈಸ್ಕೂಲಿನಲ್ಲಿ ನನಗೆ ಹೂಜಿ, ಮಾವಿನಕಾಯಿ ಬರೆಯಲು ಕಲಿಸಿದವರು. ಈಗ ನಿವೃತ್ತರಾಗಿ ಬೆಂಗಳೂರಿನಲ್ಲಿ ಮಗನ ಮನೆಯಲ್ಲಿದ್ದಾರೆ. "ಅಚ್ಚಿನ ಚಿತ್ರಗಳ ಪ್ರದರ್ಶನ ಇದೆ, ಬಾರಯ್ಯ. ಮನುಷ್ಯನ ಆಕಾರವನ್ನು ಈ ಕಾಲದವರು ಹೇಗೆಲ್ಲ ಕಂಡಿದ್ದಾರೆ ಅಂತ ನೋಡುವೆಯಂತೆ" ಎಂದರು. ಮರದ ಹಲಗೆ, ತಾಮ್ರದ ತಗಡು, ಕಲ್ಲು, ಇವುಗಳ ಮೇಲೆ ಕೆತ್ತಿಯೋ ದ್ರಾವಕದಿಂದ ಕೊರೆಯಿಸಿಯೋ ಚಿತ್ರ ಮಾಡಿ, ಶಾಯಿ ಹಚ್ಚಿ, ಕಾಗದಕ್ಕೆ ಒತ್ತಿ ತೆಗೆಯುವ ವಿದ್ಯೆ ಅದು. ಅಚ್ಚು ಎಂದರೆ ನನಗೆ ತಿಳಿದದ್ದು ಪುಸ್ತಕದ ಅಚ್ಚು, ಕರಡಿನ ತಿದ್ದುಪಡಿ. ಗುರುಗಳು ಕರೆದರೆಂದು ಹೊರಟೆ.

ಒಳಗೆ ಹೋದ ಹತ್ತು ನಿಮಿಷದಲ್ಲಿ ನನ್ನ ಪಾಡು ಕಷ್ಟಕ್ಕೆ ಬಂತು. ಮನುಷ್ಯನ ಆಕಾರ ಎಂದು ಹೇಳಿ ಕರೆತಂದಿದ್ದರು. ಮನುಷ್ಯರೆಂಬವರು ನೋಡುವುದಕ್ಕೆ ಬಂದವರಲ್ಲಿ ಮಾತ್ರ ಇದ್ದರು. ಗೋಡೆಯ ಮೇಲೆ ಇದ್ದದ್ದು ಗೆರೆ, ಚುಕ್ಕೆ, ಕಪ್ಪು ಮೋಡ, ಒಡೆದ ಗಡಿಗೆಯ ಚೂರಿನಂಥವು. ನಾನು ಮರ್ಯಾದೆ ಉಳಿಸಿಕೊಳ್ಳುವುದಕ್ಕಾಗಿ ಹುಡುಕತೊಡಗಿದೆ. ಒಂದು ಕಡೆ ಒಂದು ಮೂಗು ಸಿಕ್ಕಿತು. ಇನ್ನೊಂದು ಕಡೆ, ತಲೆ ವಾರೆ ಮಾಡಿದರೆ, ಗಾಂಧೀಜಿಯ ಕನ್ನಡಕ ಸಿಕ್ಕಿತು. ಸಂತೋಷದಿಂದ ಮೇಷ್ಟ್ರಿಗೆ ತೋರಿಸಿದೆ. ಅವರು, "ಮಳೆಗಾಲದಲ್ಲಿ ಮೋಡ ನೋಡಿದರೆ ಆನೆಯೂ ಸಿಕ್ಕುತ್ತದೆ, ಸುಮ್ಮನಿರು" ಎಂದರು.

ಆಮೇಲೆ ಕೃಷ್ಣ ರೆಡ್ಡಿಯವರ ಚಿತ್ರವೊಂದರ ಮುಂದೆ ನಿಲ್ಲಿಸಿದರು. ನಮ್ಮ ನೆರೆಯ ಚಿತ್ತೂರು ಜಿಲ್ಲೆಯಲ್ಲಿ 1925ರಲ್ಲಿ ಹುಟ್ಟಿ, ಶಾಂತಿನಿಕೇತನದಲ್ಲಿ ಕಲಿತು, ಪ್ಯಾರಿಸ್ಸಿನಲ್ಲಿ ಹೇಟರ್ ಎಂಬವರ ಕಾರ್ಯಾಗಾರವನ್ನು ಸೇರಿ ಹೆಸರಾದವರು ಅವರು. 2018ರಲ್ಲಿ ನ್ಯೂಯಾರ್ಕಿನಲ್ಲಿ ತೀರಿಕೊಂಡರು. ಒಂದೊಂದು ಬಣ್ಣಕ್ಕೆ ಒಂದೊಂದು ಫಲಕ ಬೇಕಿಲ್ಲದಂತೆ, ಒಂದೇ ಫಲಕದಿಂದ ಹಲವು ಬಣ್ಣಗಳನ್ನು ಒಮ್ಮೆಗೇ ಒತ್ತಿ ತೆಗೆಯುವ ಕ್ರಮವನ್ನು ಬೆಳೆಸಿದವರಲ್ಲಿ ಅವರು ಪ್ರಮುಖರು. ಶಾಯಿಗಳಲ್ಲಿ ಎಣ್ಣೆಯ ಪ್ರಮಾಣ ಬೇರೆ ಬೇರೆ ಇಟ್ಟರೆ, ಒಂದರ ಮೇಲೊಂದು ಹರಿದರೂ ಅವು ಕಲೆತು ಹಾಳಾಗುವುದಿಲ್ಲವಂತೆ. 1968ರಲ್ಲಿ ಪ್ಯಾರಿಸ್ಸಿನ ವಿದ್ಯಾರ್ಥಿಗಳು ಬೀದಿಗೆ ಇಳಿದರು. ಆ ವರ್ಷ ಇವರು ಮಾಡಿದ ಚಿತ್ರಕ್ಕೆ 'ಪ್ರತಿಭಟನೆ ಮಾಡುವವರು' ಎಂಬ ಅರ್ಥದ ಹೆಸರಿದೆ. ಮೇಷ್ಟ್ರು ಇದನ್ನೆಲ್ಲ ಹೇಳಿದಾಗ ನನಗೆ ಸ್ವಲ್ಪ ಧೈರ್ಯ ಬಂತು. ಮುಖವಿಲ್ಲದಿದ್ದರೂ ಎದ್ದು ನಿಂತದ್ದು ಮನುಷ್ಯನೇ ಎಂದು ಒಪ್ಪುವುದಕ್ಕೆ ಅಷ್ಟು ಆಧಾರ ಸಾಕಾಯಿತು.

ಆದರೆ ಮುಂದಿನ ಕೋಣೆಯಲ್ಲಿ ಆ ಧೈರ್ಯವೂ ಹೋಯಿತು. ಬಿಳಿಯ ಗೋಡೆಯ ಮೇಲೆ ಬಿಳಿಯ ಕಾಗದ, ಅಷ್ಟೆ. ಬಣ್ಣವಿಲ್ಲ, ಗೆರೆಯಿಲ್ಲ. ಒತ್ತುವವರು ಶಾಯಿ ಹಚ್ಚುವುದನ್ನು ಮರೆತರೋ ಏನೋ ಎಂದುಕೊಂಡೆ.

"ಎದುರಿಗೆ ನಿಂತರೆ ಕಾಣುವುದಿಲ್ಲ, ಪಕ್ಕಕ್ಕೆ ಬಾ" ಎಂದರು ಮೇಷ್ಟ್ರು.

ಪಕ್ಕಕ್ಕೆ ಸರಿದೆ. ದೀಪದ ಬೆಳಕು ಓರೆಯಾಗಿ ಬೀಳುತ್ತಿತ್ತು. ಆ ಬೆಳಕಿನಲ್ಲಿ ಕಾಗದಕ್ಕೆ ಮೈ ಬಂತು. ಒಂದು ಕಡೆ ಸೀಳು. ಅದರ ಅಂಚು ತುಟಿಯ ಹಾಗೆ ಉಬ್ಬಿತ್ತು. ಅದರ ಕೆಳಗೆ ಚುಚ್ಚಿದಂತಹ ಗುಳಿಗಳು, ಕೆಲವು ಆಳ, ಕೆಲವು ಮೇಲೆಮೇಲೆ. ಉಳಿದ ಜಾಗವೆಲ್ಲ ಏನೂ ಆಗದ ಹಾಗೆ ಬೆಳ್ಳಗೆ, ಮೆತ್ತಗೆ ಇತ್ತು. ನಾನು ಒಂದು ಹೆಜ್ಜೆ ಇಟ್ಟರೆ ನೆರಳೂ ಒಂದು ಹೆಜ್ಜೆ ಇಡುತ್ತಿತ್ತು. ಮುಟ್ಟಬಾರದೆಂದು ಬರೆದು ಹಾಕಿದ್ದರು. ಕೈ ಹಿಂದೆ ಕಟ್ಟಿಕೊಂಡೆ.

ಅದು ಸೋಮನಾಥ ಹೋರ್ ಅವರ 'ಗಾಯಗಳು' ಎಂಬ ಮಾಲೆಗೆ ಸೇರಿದ ಚಿತ್ರ. ಅವರು 1921ರಲ್ಲಿ, ಈಗ ಬಾಂಗ್ಲಾದೇಶಕ್ಕೆ ಸೇರಿರುವ ಚಿತ್ತಗಾಂಗಿನ ಕಡೆಯ ಹಳ್ಳಿಯಲ್ಲಿ ಹುಟ್ಟಿದರು. 1943ರ ಬಂಗಾಳದ ಕ್ಷಾಮ ಬಂದಾಗ ಅವರಿಗೆ ಇಪ್ಪತ್ತು ದಾಟಿತ್ತು. ಆ ಕ್ಷಾಮದಲ್ಲಿಯೂ ಅದರ ಬೆನ್ನಿಗೆ ಬಂದ ರೋಗಗಳಲ್ಲಿಯೂ ಸತ್ತವರು 30 ಲಕ್ಷದವರೆಗೆ ಇರಬಹುದೆಂದು ಅಂದಾಜು. ಬೀದಿಯಲ್ಲಿ ಬಿದ್ದವರನ್ನು ನೋಡಿ ನೋಡಿ ಅವರು ಚಿತ್ರ ಬರೆದರು. ಕಮ್ಯುನಿಸ್ಟ್ ಪಕ್ಷದ ಪತ್ರಿಕೆಗೆ ಕಳಿಸಿದರು. 1946ರಲ್ಲಿ ಉತ್ತರ ಬಂಗಾಳದ ಗೇಣಿದಾರರು ಬೆಳೆಯ ಮೂರರಲ್ಲಿ ಎರಡು ಪಾಲು ತಮಗೆ ಬೇಕೆಂದು ತೇಭಾಗಾ ಹೋರಾಟ ಹೂಡಿದಾಗ, ಅವರ ನಡುವೆ ಇದ್ದು ಚಿತ್ರವನ್ನೂ ದಿನಚರಿಯನ್ನೂ ಬರೆದರು. ಆಗಿನ ಚಿತ್ರಗಳಲ್ಲಿ ಮನುಷ್ಯ ಚೆನ್ನಾಗಿ ಕಾಣುತ್ತಾನೆ: ಎಲುಬಿನ ಗೂಡು, ಗುಳಿ ಬಿದ್ದ ಕಣ್ಣು, ತಲೆಗೆ ಸುತ್ತಿದ ಬಟ್ಟೆ. ಕಣ್ಣಿದ್ದವರಿಗೆ ಮೇಷ್ಟ್ರು ಬೇಕಾಗಿಲ್ಲ. ಮುಂದೆ ದೆಹಲಿಯಲ್ಲಿ, ಆಮೇಲೆ ಶಾಂತಿನಿಕೇತನದಲ್ಲಿ ಅವರು ಅಚ್ಚಿನ ವಿದ್ಯೆ ಕಲಿಸಿದರು. 1970ರ ದಶಕದ ಮೊದಲ ವರ್ಷಗಳಲ್ಲಿ ಈ ಬಿಳಿಯ ಕಾಗದಗಳು ಬಂದವು. ಮುಖ ಹೋಯಿತು, ಎಲುಬು ಹೋಯಿತು, ಬಟ್ಟೆ ಹೋಯಿತು. ಗಾಯ ಮಾತ್ರ ಉಳಿಯಿತು.

ಮಾಡಿದ ರೀತಿಯನ್ನು ಮೇಷ್ಟ್ರು ಕೈಯಲ್ಲೇ ಅಭಿನಯಿಸಿ ತೋರಿಸಿದರು. ಮೊದಲು ಜೇಡಿಮಣ್ಣಿನ ಹಲಗೆಯೊಂದನ್ನು ಹದ ಮಾಡಿ, ಅದರ ಮೇಲೆ ಚಾಕುವಿನಿಂದ ಸೀಳುವುದು, ಚುಚ್ಚುವುದು. ಅದರ ಮೇಲೆ ಸಿಮೆಂಟು ಸುರಿದು ಅಚ್ಚು ತೆಗೆಯುವುದು. ಮಣ್ಣಿನಲ್ಲಿ ತಗ್ಗಾಗಿದ್ದದ್ದು ಸಿಮೆಂಟಿನಲ್ಲಿ ಉಬ್ಬಾಗುತ್ತದೆ. ಆಮೇಲೆ ಕಾಗದದ ಒದ್ದೆ ತಿರುಳನ್ನು ಆ ಅಚ್ಚಿನ ಮೇಲೆ ಒತ್ತಿ, ಒಣಗಿಸಿ, ಬಿಡಿಸಿಕೊಂಡರೆ, ಉಬ್ಬಿದ್ದದ್ದು ಮತ್ತೆ ತಗ್ಗಾಗುತ್ತದೆ. "ಚಾಕು ಬಿದ್ದದ್ದು ಮಣ್ಣಿಗೆ. ಕಾಗದಕ್ಕೆ ಚಾಕು ತಗುಲಿಯೇ ಇಲ್ಲ. ಆದರೂ ಗಾಯ ಕಾಗದದ್ದೇ" ಎಂದರು. ಅವರು ಏನೋ ಕೈಕೆಲಸದ ವಿವರ ಹೇಳುವಂತೆ ಹೇಳಿದರು. ನಾನು ಮತ್ತೆ ಆ ಕಾಗದದ ಗುಳಿಗಳ ಕಡೆ ನೋಡಿದೆ. ಅವು ನನಗೆ ಪರಿಚಿತವಾಗಿದ್ದವು. ಅಂಥ ಒಂದು ಕೆನ್ನೆಗೆ ಮುಖವಿಟ್ಟು ನಾನು ಬೆಳೆದಿದ್ದೆ.

ನನ್ನ ತಾಯಿಗೆ ಏಳು ವರ್ಷವಾಗಿದ್ದಾಗ ಸಿಡುಬು ಬಂದಿತ್ತು. ನಮ್ಮ ಕಡೆ ಆ ಹೆಸರು ಹೇಳುವುದಿಲ್ಲ, 'ಅಮ್ಮ ಆಗಿತ್ತು' ಎನ್ನುತ್ತಾರೆ. ಅಮ್ಮನಿಗೆ ಅಮ್ಮ ಆಗುವುದು ಹೇಗೆಂದು ಚಿಕ್ಕವನಾಗಿದ್ದಾಗ ನನಗೆ ಬಿಡಿಸಲಾರದ ಒಗಟಾಗಿತ್ತು. ಬೇವಿನ ಸೊಪ್ಪಿನ ಮೇಲೆ ಮಲಗಿಸಿದ್ದರಂತೆ, ಮಾರಮ್ಮನಿಗೆ ತಂಬಿಟ್ಟಿನ ಆರತಿ ಹೊತ್ತರಂತೆ. ಹುಡುಗಿ ಉಳಿದಳು, ಮುಖದ ತುಂಬ ಕಲೆ ಉಳಿಯಿತು. ಭಾರತದಲ್ಲಿ ಸಿಡುಬಿನ ಕೊನೆಯ ಪ್ರಕರಣ 1975ರದು. ಅದಾದ ಮೇಲೆ ಹುಟ್ಟಿದ ನಮ್ಮಂಥವರಿಗೆ ಆ ರೋಗ ಗೊತ್ತಿಲ್ಲ, ಅದರ ಗುರುತು ಮಾತ್ರ ಗೊತ್ತು. ಈಗಿನ ಹುಡುಗರಿಗೆ ಗುರುತೂ ಗೊತ್ತಿಲ್ಲ.

ನನಗೆ ಹನ್ನೊಂದು ವರ್ಷವಾಗಿದ್ದಾಗ ಇದೇ ಮೇಷ್ಟ್ರು ತರಗತಿಯಲ್ಲಿ 'ನಿಮ್ಮ ತಾಯಿಯ ಮುಖ ಬರೆಯಿರಿ' ಎಂದಿದ್ದರು. ನಾನು ಕ್ಯಾಲೆಂಡರಿನ ಲಕ್ಷ್ಮಿಯನ್ನು ನೋಡಿ, ಕಿರೀಟ ಬಿಟ್ಟು, ಉಳಿದದ್ದನ್ನು ಬರೆದೆ. ಮೇಷ್ಟ್ರಿಗೆ ನಮ್ಮ ಮನೆ ಗೊತ್ತಿತ್ತು. ಹಾಳೆ ನೋಡಿ, "ಚೆನ್ನಾಗಿದೆ ಕಣೋ. ಯಾರು ಇವರು?" ಎಂದರು. ಹುಡುಗರು ನಕ್ಕರು. ಆ ಪ್ರಶ್ನೆ ಮೇಷ್ಟ್ರಿಗೆ ನೆನಪಿದೆಯೋ ಇಲ್ಲವೋ, ಪ್ರದರ್ಶನದಲ್ಲಿ ನಾನು ಕೇಳಲಿಲ್ಲ.

ಅದು ಹುಡುಗುತನ ಎಂದು ಬಿಡಬಹುದು. ಎರಡನೆಯ ಸಲ ನಾನು ಹುಡುಗನಾಗಿರಲಿಲ್ಲ. ತಾಯಿ ತೀರಿಕೊಂಡ ಮೇಲೆ, ಹನ್ನೊಂದನೆಯ ದಿನದ ಕಾರ್ಯಕ್ಕೆ ಗೋಡೆಗೆ ಹಾಕಲು ಒಂದು ಭಾವಚಿತ್ರ ಬೇಕಾಯಿತು. ಅವಳು ಫೋಟೋ ಎಂದರೆ ಯಾವಾಗಲೂ ಹಿಂದಿನ ಸಾಲು ಸೇರುತ್ತಿದ್ದವಳು. ಬ್ಯಾಂಕಿನ ಪಾಸುಬುಕ್ಕಿಗೆಂದು ತೆಗೆಸಿದ್ದ, ಬೆರಳಗಲದ ಫೋಟೋ ಒಂದು ಪೆಟ್ಟಿಗೆಯಲ್ಲಿ ಸಿಕ್ಕಿತು. ಸ್ಟುಡಿಯೋದ ಹುಡುಗ ಅದನ್ನು ಕಂಪ್ಯೂಟರಿನ ಪರದೆಯ ಮೇಲೆ ದೊಡ್ಡದು ಮಾಡಿ, "ಕಲೆ ತೆಗೆದುಬಿಡಲಾ ಸಾರ್?" ಎಂದು ಕೇಳಿದ. ನಾನು "ಹ್ಞೂ" ಎಂದೆ. ಒಂದು ಕ್ಷಣವೂ ಯೋಚಿಸಲಿಲ್ಲ. ಕಾಲು ಗಂಟೆಯಲ್ಲಿ ಅವನು, ಅರವತ್ತು ವರ್ಷ ಮಾರಮ್ಮನೂ ತೆಗೆಯದಿದ್ದದ್ದನ್ನು ತೆಗೆದುಹಾಕಿದ. ಮುಖ ಬೆಣ್ಣೆ ಸವರಿದ ಹಾಗೆ ಆಯಿತು. ಅದಕ್ಕೆ ಗಂಧದ ಚಕ್ಕೆಯ ಹಾರ ಹಾಕಿ ನಾವು ದಿನವೂ ಕೈ ಮುಗಿಯುತ್ತಿದ್ದೆವು. ಬಂದವರು, 'ಎಷ್ಟು ಲಕ್ಷಣವಾಗಿದ್ದರು' ಎಂದು ಹೇಳಿಹೋಗುತ್ತಿದ್ದರು.

ಈಗ ಈ ಬಿಳಿಯ ಕಾಗದದ ಮುಂದೆ ನಿಂತಾಗ ನನಗೆ ತೋರಿದ್ದು ಇಷ್ಟು: ನಮ್ಮ ಮನೆಯ ಗೋಡೆಯ ಮೇಲೆ ಮುಖವಿದೆ, ಮನುಷ್ಯಳಿಲ್ಲ. ಇಲ್ಲಿ ಮುಖವಿಲ್ಲ, ಆದರೆ ಯಾರೋ ಇದ್ದಾರೆ.

ರಾತ್ರಿ ಬಸ್ಸಿನಲ್ಲಿ ಊರಿಗೆ ಮರಳುವಾಗ ನನ್ನೊಳಗಿನ ಉಪಾಧ್ಯಾಯ ಎಚ್ಚೆತ್ತ. ಭಾವನೆ ಬಂತೆಂದು ಅರ್ಥ ಬಂತೆ? ಮೋಡದಲ್ಲಿ ಆನೆ ಕಂಡವನಿಗೂ ಕಾಗದದಲ್ಲಿ ತಾಯಿಯನ್ನು ಕಂಡವನಿಗೂ ಏನು ವ್ಯತ್ಯಾಸ? ನಮ್ಮ ಅಲಂಕಾರಶಾಸ್ತ್ರದಲ್ಲಿ ಒಂದು ಹಳೆಯ ಉದಾಹರಣೆ ಇದೆ, ಕನ್ನಡ ಎಂ.ಎ. ಮಾಡಿದವರೆಲ್ಲ ಅದನ್ನು ಒಮ್ಮೆ ಉರು ಹೊಡೆದವರೇ: ಗಂಗೆಯ ಮೇಲೆ ಹಳ್ಳಿ. ನೀರಿನ ಮೇಲೆ ಹಳ್ಳಿ ನಿಲ್ಲಲಾರದು; ಆದ್ದರಿಂದ ಮೊದಲ ಅರ್ಥ ಮುರಿಯುತ್ತದೆ. ಅದು ಮುರಿದ ಮೇಲೆ ಅದಕ್ಕೆ ಅಂಟಿಕೊಂಡಿರುವ ಇನ್ನೊಂದು ಅರ್ಥಕ್ಕೆ, ಅಂದರೆ ದಡಕ್ಕೆ, ಹೋಗುತ್ತೇವೆ. ಆಮೇಲೆ, ದಡ ಎಂದು ನೇರವಾಗಿ ಹೇಳದೆ ಗಂಗೆ ಎಂದೇ ಏಕೆ ಹೇಳಿದರು ಎಂದು ಕೇಳಿಕೊಂಡಾಗ, ಆ ಹಳ್ಳಿಯ ತಂಪು, ಪಾವನತೆ ಹೊಳೆಯುತ್ತದೆ. ಈ ಹೊಳೆಯುವುದಕ್ಕೆ ಧ್ವನಿ ಎಂದು ಹೆಸರು. ಮುಖ್ಯವಾದದ್ದು ಏನೆಂದರೆ, ಹಾರುವಾಗ ಕಾಲಿಡಲು ಕಲ್ಲಿರಬೇಕು. ಗಂಗೆಯಿಂದ ದಡಕ್ಕೆ ಹಾರಬಹುದು. ಗಂಗೆಯಿಂದ ಮದರಾಸಿಗೆ ಹಾರಬಾರದು.

ಆ ಚಿತ್ರಕ್ಕೆ ಇದನ್ನು ಹಚ್ಚಿ ನೋಡಿದೆ. ಹೆಸರು 'ಗಾಯಗಳು'. ಕಾಗದಕ್ಕೆ ಗಾಯವಾಗುವುದಿಲ್ಲ, ಹರಿಯುತ್ತದೆ ಅಷ್ಟೆ; ಆದ್ದರಿಂದ ಮೊದಲ ಅರ್ಥ ಮುರಿಯಿತು. ಗಾಯವಾಗುವುದು ಮೈಗೆ. ಸೀಳಿನ ಅಂಚು ಉಬ್ಬಿರುವುದರಿಂದ, ಸುತ್ತಲಿನ ಬಿಳಿ ಮೆತ್ತಗಿರುವುದರಿಂದ, ಕಾಗದ ತಾನಾಗಿಯೇ ಚರ್ಮದ ಕಡೆ ವಾಲುತ್ತದೆ. ಅದು ಹಾರುವುದಕ್ಕೆ ಕಲ್ಲು. ನಾನು ಮನುಷ್ಯನನ್ನು ಚಿತ್ರದೊಳಗೆ ಹುಡುಕುತ್ತಿದ್ದೆ, ಮೂಗು ಸಿಕ್ಕೀತೆ, ಕಣ್ಣು ಸಿಕ್ಕೀತೆ ಎಂದು. ಚಿತ್ರವೇ ಮನುಷ್ಯನ ಮೈ ಎಂಬುದು ಹೊಳೆದಿರಲಿಲ್ಲ.

ಹಾಗಾದರೆ ಮೈಯನ್ನೇ ಬರೆಯಬಹುದಾಗಿತ್ತಲ್ಲ, ಮುವ್ವತ್ತು ವರ್ಷ ಮೊದಲು ಬರೆದ ಹಾಗೆ? ಇದಕ್ಕೆ ನನಗೆ ತೋರುವ ಉತ್ತರ ಹೀಗಿದೆ. ಮುಖ ಬರೆದ ಕೂಡಲೆ ಅದು ಒಬ್ಬರದಾಗುತ್ತದೆ. ಅಯ್ಯೋ ಪಾಪ, ಬಂಗಾಳದವರು, 1943ರವರು ಎಂದು ನಾವು ಮರುಗುತ್ತೇವೆ. ಮರುಗಿ ಹಾಳೆ ತಿರುವುತ್ತೇವೆ. ಕರುಣೆಗೂ ಒಂದು ವಿಳಾಸ ಸಿಕ್ಕಿಬಿಟ್ಟರೆ ಅದನ್ನು ಅಲ್ಲಿಗೆ ಕಳಿಸಿ ನಾವು ಹಗುರಾಗುತ್ತೇವೆ. ಮುಖವಿಲ್ಲದ ಗಾಯಕ್ಕೆ ವಿಳಾಸವಿಲ್ಲ. ಅದನ್ನು ಎಲ್ಲಿಗೂ ಕಳಿಸಲಾಗುವುದಿಲ್ಲ. ಕಡಿದ ಮರದಲ್ಲಿ, ಲಾರಿಯ ಚಕ್ರ ಕೊರೆದ ರಸ್ತೆಯಲ್ಲಿ, ಕಾರಣವಿಲ್ಲದೆ ಚೂರಿ ತಿಂದ ಮನುಷ್ಯನಲ್ಲಿ ತಾವು ಕಂಡದ್ದು ಗಾಯವನ್ನೇ ಎಂಬರ್ಥದ ಮಾತನ್ನು ಹೋರ್ ಅವರೇ ಹೇಳಿದ್ದುಂಟು. ಅವರು ಅಲ್ಲಿಗೇ ನಿಲ್ಲಲೂ ಇಲ್ಲ. ಆಮೇಲೆ ಕಂಚಿನಲ್ಲಿ ಕೆಲಸ ಮಾಡತೊಡಗಿದಾಗ ಅವರ ಕೈಗೆ ಮನುಷ್ಯ ಮರಳಿ ಬಂದ: ಸೊರಗಿದ ಮೈ, ಸೀಳಿದ ಬೆನ್ನು. ವಿಯೆಟ್ನಾಮಿನ ಜನರ ನೆನಪಿಗೆ ಮಾಡಿದ ದೊಡ್ಡ ತಾಯಿ-ಮಗುವಿನ ಕಂಚು 1977ರಲ್ಲಿ ಮುಗಿದ ಕೆಲವೇ ದಿನಕ್ಕೆ ಕಳುವಾಯಿತು. 2006ರಲ್ಲಿ ಅವರು ತೀರಿಕೊಂಡರು. ಗಾಯವನ್ನು ಬಿಡಿಯಾಗಿ ನೋಡಿ ಕಲಿತು, ಆಮೇಲೆ ಮೈಗೆ ಹಿಂದಿರುಗಿದರು ಎನ್ನಬೇಕು.

ಒಂದು ಮಾತನ್ನು ಮಾತ್ರ ನಾನು ಬಸ್ಸಿನಲ್ಲೇ ಒಪ್ಪಿಕೊಂಡೆ. ಆ ಕಾಗದದಲ್ಲಿರುವುದು ನನ್ನ ತಾಯಿಯ ಮುಖವಲ್ಲ. ಹೋರ್ ಅವರಿಗೆ ಅವಳು ಗೊತ್ತಿಲ್ಲ. ಅವರ ಬೆನ್ನ ಹಿಂದೆ ಇದ್ದದ್ದು ಹಸಿವೆ, ಗಲಭೆ, ಗುಂಡು. ಲಕ್ಷಾಂತರ ಜನರ ಸಾವು. ಅದರ ಜಾಗದಲ್ಲಿ ನನ್ನ ಮನೆಯ ದುಃಖವನ್ನು ತಂದು ಕೂರಿಸಿದರೆ ಅದು ಗಂಗೆಯಿಂದ ಮದರಾಸಿಗೆ ಹಾರಿದಂತೆಯೇ. ಚಿತ್ರ ನನಗೆ ತಾಯಿಯನ್ನು ತೋರಿಸಲಿಲ್ಲ. ಎದುರಿಗೆ ನಿಂತರೆ ಕಾಣುವುದಿಲ್ಲ, ಪಕ್ಕಕ್ಕೆ ಬಾ ಎಂದಿತು. ಅಷ್ಟನ್ನೇ ಕಲಿತು ನಾನು ಮನೆಗೆ ಬಂದು ನೋಡಿದೆ.

ಮರುವಾರ ಸ್ಟುಡಿಯೋಕ್ಕೆ ಹೋದೆ. ಬೆರಳಗಲದ ಫೋಟೋ ಕೊಟ್ಟು, "ಇದ್ದ ಹಾಗೇ ದೊಡ್ಡದು ಮಾಡಿಕೊಡಪ್ಪ" ಎಂದೆ. "ಕ್ಲೀನ್ ಮಾಡೋದು ಬೇಡ್ವಾ ಸಾರ್?" ಎಂದು ಅವನು ಎರಡು ಸಲ ಕೇಳಿದ. ಚಿಕ್ಕದನ್ನು ಅಷ್ಟು ಹಿಗ್ಗಿಸಿದ್ದರಿಂದ ಚಿತ್ರವೇ ಚುಕ್ಕೆ ಚುಕ್ಕೆಯಾಗಿ ಒಡೆದಿತ್ತು. ಯಾವುದು ಕಾಗದದ ಚುಕ್ಕೆ, ಯಾವುದು ಸಿಡುಬಿನದು ಎಂದು ಹೇಳಲಾಗುತ್ತಿರಲಿಲ್ಲ.

ಅಕ್ಕ ಹಬ್ಬಕ್ಕೆ ಬಂದಿದ್ದಾಗ ಅದನ್ನು ತೋರಿಸಿದೆ. ಅವಳು ಸಿಟ್ಟಾದಳು. "ಯಾರ ಮದುವೆಗೆ ಹೋಗಬೇಕಾದರೂ ಅವಳು ಅರ್ಧ ಗಂಟೆ ಪೌಡರ್ ಹಾಕಿಕೊಳ್ಳುತ್ತಿದ್ದಳು, ಗೊತ್ತೇನೋ ನಿನಗೆ? ಅವಳು ಮುಚ್ಚಿಟ್ಟುಕೊಂಡದ್ದನ್ನು ನೀನು ಗೋಡೆಗೆ ಹಾಕುತ್ತೀಯ?" ಎಂದಳು. ನನ್ನ ಹತ್ತಿರ ಉತ್ತರವಿರಲಿಲ್ಲ. ಕಲೆ ತೆಗೆಸಿದಾಗಲೂ ನಾನು ಅವಳನ್ನು ಕೇಳಿರಲಿಲ್ಲ, ಉಳಿಸಿದಾಗಲೂ ಕೇಳಿರಲಿಲ್ಲ. ಅಕ್ಕ ಫೋಟೋವನ್ನು ಕಿಟಕಿಯ ಹತ್ತಿರ ಒಯ್ದು ಬಹಳ ಹೊತ್ತು ಹಿಡಿದುಕೊಂಡು ನಿಂತಳು. ಹಿಂದಿರುಗಿಸುವಾಗ, "ಹೋಗಲಿ, ಇವಳು ಅಮ್ಮನ ಹಾಗಾದರೂ ಇದ್ದಾಳೆ" ಎಂದಳು.

ಕೊನೆಗೆ ಒಂದು ರಾಜಿಯಾಯಿತು. ನಡುಮನೆಯಲ್ಲಿ ಬೆಣ್ಣೆಯ ಮುಖವೇ ಇದೆ. ಬಂದವರು ಅದಕ್ಕೆ ಕೈ ಮುಗಿಯುತ್ತಾರೆ, ಅವಳ ಇಷ್ಟ ಅದೇ ಇದ್ದೀತು. ಇನ್ನೊಂದು ನನ್ನ ಓದುವ ಕೋಣೆಯಲ್ಲಿ, ಮೇಜಿನ ಪಕ್ಕದ ಗೋಡೆಯ ಮೇಲಿದೆ. ಸಂಜೆಯ ಬೆಳಕು ಕಿಟಕಿಯಿಂದ ಓರೆಯಾಗಿ ಅದರ ಮೇಲೆ ಬೀಳುತ್ತದೆ.

ಆ ಮೇಜಿನ ಮುಂದೆ ಕುಳಿತು ಉತ್ತರ ಪತ್ರಿಕೆ ತಿದ್ದುವಾಗಲೆಲ್ಲ ಆ ಹುಡುಗನ ನೆನಪಾಗುತ್ತದೆ. ಅವನ ಹೆಸರು ನನಗೆ ತಿಳಿಯದು. ಉತ್ತರ ಪತ್ರಿಕೆಗೆ ಮುಖವಿರುವುದಿಲ್ಲ, ಸಂಖ್ಯೆ ಇರುತ್ತದೆ. ಈಗ ತಿದ್ದಿಕೊಡುವ ಅಧಿಕಾರವೂ ನನಗಿಲ್ಲ. ಇದ್ದಿದ್ದರೆ, 'ವಿವರಿಸಿ' ಎಂದು ಕೇಳಿದ್ದಕ್ಕೆ ವಿವರಿಸಲಿಲ್ಲವೆಂದು ಒಂದು ಅಂಕ ಹಿಡಿದುಕೊಂಡು, ನಾಲ್ಕು ಕೊಡುತ್ತಿದ್ದೆ.